ಹೆಸರಿಡದ ಕೀಲೂತದ ಮುನ್ನೋಟ: ಲೈಡನ್ ಸೂತ್ರದ ಬಲ ಮತ್ತು ಮಿತಿ

ಕೀಲುಗಳು ಊದಿಕೊಂಡಿದ್ದರೂ ಯಾವ ನಿಶ್ಚಿತ ರೋಗದ ಲಕ್ಷಣಪಟ್ಟಿಗೂ ಹೊಂದದ ಸ್ಥಿತಿಯನ್ನು ಅವರ್ಗೀಕೃತ ಸಂಧಿವಾತ ಎನ್ನುತ್ತಾರೆ. ಕೆಲವರಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮೂಳೆಯನ್ನೇ ಕೊರೆಯುವ ರುಮಟಾಯ್ಡ್ ಸಂಧಿವಾತವಾಗಿ ಬಲಿಯುತ್ತದೆ. ಎಲ್ಲರಿಗೂ ಮೆಥೊಟ್ರೆಕ್ಸೇಟ್ ಕೊಟ್ಟರೆ ಔಷಧವೇ ಬೇಡದವರೂ ಅದರ ಅಡ್ಡಪರಿಣಾಮ ಹೊರಬೇಕು. ಕಾದು ನೋಡಿದರೆ ಕೆಲವರ ಕೀಲು ಕೈತಪ್ಪುತ್ತದೆ.

ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 1993ರಲ್ಲಿ ಆರಂಭವಾದ ಚಿಕಿತ್ಸಾಲಯವೊಂದು ಇಂಥವರನ್ನು ಮೊದಲ ಹಂತದಲ್ಲೇ ದಾಖಲಿಸಿಕೊಂಡಿತು. ಅಂಥ 570 ಮಂದಿಯಲ್ಲಿ 177 ಮಂದಿಗೆ ಒಂದು ವರ್ಷದೊಳಗೆ ರುಮಟಾಯ್ಡ್ ಸಂಧಿವಾತ ಕಾಣಿಸಿತು. ಆ ದಾಖಲೆಗಳಿಂದ 2007ರಲ್ಲಿ ಹುಟ್ಟಿದ ಮುನ್ಸೂಚನಾ ಸೂತ್ರ ಒಂಬತ್ತು ಅಂಶಗಳನ್ನು ಕೂಡಿಸಿ 0ರಿಂದ 14ರವರೆಗೆ ಅಂಕ ಕೊಡುತ್ತದೆ. ವಯಸ್ಸು, ಲಿಂಗ, ಬಾಧಿತ ಕೀಲುಗಳ ಹಂಚಿಕೆ, ಬೆಳಗಿನ ಬಿಗಿತ, ನೋಯುವ ಮತ್ತು ಊದಿದ ಕೀಲುಗಳ ಸಂಖ್ಯೆ ಇವಿಷ್ಟೂ ರೋಗಿಯನ್ನು ಕೇಳಿ, ಮುಟ್ಟಿ ತಿಳಿಯುವಂಥವು. ಉಳಿದ ಮೂರು ರಕ್ತಪರೀಕ್ಷೆಯವು: ಸಿ-ರಿಯಾಕ್ಟಿವ್ ಪ್ರೋಟೀನ್ ಹಾಗೂ ರುಮಟಾಯ್ಡ್ ಫ್ಯಾಕ್ಟರ್, ಆಂಟಿ-ಸಿಸಿಪಿ ಎಂಬ ಎರಡು ಪ್ರತಿಕಾಯಗಳು. ಅಂಕ 6 ಅಥವಾ ಕಡಿಮೆ ಇದ್ದವರಲ್ಲಿ ಶೇ. 91ರಷ್ಟು ಮಂದಿಗೆ ರೋಗ ಬರಲಿಲ್ಲ. 8 ಅಥವಾ ಹೆಚ್ಚಿದ್ದವರಲ್ಲಿ ಶೇ. 84ರಷ್ಟು ಮಂದಿಗೆ ಬಂತು.

ತೊಡಕಿರುವುದು ಇವೆರಡರ ನಡುವೆ. 55 ವರ್ಷದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಬಹುದು. ವಯಸ್ಸನ್ನು 0.02ರಿಂದ ಗುಣಿಸಿದರೆ 1.1, ಹೆಣ್ಣೆಂಬುದಕ್ಕೆ 1. ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಮಾತ್ರ ಸಮನಾದ ಊತವಿದ್ದರೆ ಒಟ್ಟು 2. ಮಧ್ಯಮ ಬಿಗಿತಕ್ಕೆ 1. ಆರು ಕೀಲು ನೋಯುತ್ತಿದ್ದು ಐದು ಊದಿದ್ದರೆ ಅರ್ಧರ್ಧ. ಪ್ರೋಟೀನ್ ತುಸು ಏರಿದ್ದರೆ ಇನ್ನರ್ಧ. ಪ್ರತಿಕಾಯಗಳೆರಡೂ ಇಲ್ಲದಿದ್ದರೆ ಮೊತ್ತ 6.6. ಸೂತ್ರ ಇಲ್ಲಿ ಮೌನ ವಹಿಸುತ್ತದೆ. ಆಂಟಿ-ಸಿಸಿಪಿ ಇದೆಯೆಂದಾದರೆ ಮಾತ್ರ ಎರಡು ಅಂಕ ಸೇರಿ 8.6 ಆಗುತ್ತದೆ. ಅಂದರೆ ಪ್ರತಿಕಾಯಗಳಿಲ್ಲದವರಲ್ಲೇ, ನೆರವು ಹೆಚ್ಚು ಬೇಕಾದ ಕಡೆಯೇ, ಸೂತ್ರ ತಡವರಿಸುವುದು ಹೆಚ್ಚು.

ಇನ್ನೊಂದು ಮಿತಿ ಹುಟ್ಟಿನಲ್ಲೇ ಇದೆ. ಅಂದಿನ ರೋಗನಿರ್ಣಯಕ್ಕೆ ಬಳಸಿದ 1987ರ ಮಾನದಂಡಗಳಲ್ಲಿ ಬೆಳಗಿನ ಬಿಗಿತ, ಸಮಾನ ಊತ, ರುಮಟಾಯ್ಡ್ ಫ್ಯಾಕ್ಟರ್ ಇದ್ದವು. ಸೂತ್ರದಲ್ಲೂ ಅವೇ ಇವೆ. ಅಳೆಯುವ ಕೋಲು, ಅಳೆಸಿಕೊಳ್ಳುವ ವಸ್ತು ಭಾಗಶಃ ಒಂದೇ. 2010ರ ಹೊಸ ಮಾನದಂಡಗಳು ಹಿಂದೆ ಅವರ್ಗೀಕೃತರೆನಿಸಿದ್ದ ಹಲವರನ್ನು ಮೊದಲೇ ರುಮಟಾಯ್ಡ್ ಗುಂಪಿಗೆ ಸೇರಿಸಿದ್ದರಿಂದ ಉಳಿದವರ ಸ್ವರೂಪವೂ ಬದಲಾಗಿದೆ.

ಕರ್ನಾಟಕದಲ್ಲಿ ಸೂತ್ರ ಬಳಸುವಾಗ ಚಿಕುನ್‌ಗುನ್ಯಾವನ್ನು ಮರೆಯುವಂತಿಲ್ಲ. 2006ರಲ್ಲಿ ರಾಜ್ಯದಲ್ಲಿ ವ್ಯಾಪಕವಾಗಿ ಹಬ್ಬಿದ ಈ ಜ್ವರ ಬಿಟ್ಟ ಮೇಲೂ ಕೆಲವರಲ್ಲಿ ಕೈಬೆರಳು, ಮಣಿಕಟ್ಟಿನ ಊತ ತಿಂಗಳುಗಟ್ಟಲೆ ಉಳಿಯುತ್ತದೆ. ಲೈಡನ್‌ನ ಲೆಕ್ಕದಲ್ಲಿ ಅಂಥ ಊತಕ್ಕೂ ಅಂಕ ದಕ್ಕುತ್ತದೆ. ಆದ್ದರಿಂದ ಕೂಡಿಸುವ ಮುನ್ನ ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಕೇಳಿ, ಅಗತ್ಯವಿದ್ದರೆ ವೈರಸ್ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ.