ತಾಳವಾಡಿ: ಬೆಟ್ಟದ ಮೇಲೆ ಉಳಿದ ಕನ್ನಡ, ಬದಲಾಗುತ್ತಿರುವ ಜನ ಮತ್ತು ದುಡಿಮೆ

ಚಾಮರಾಜನಗರದಿಂದ ಬಸ್ಸು ಹತ್ತಿದರೆ ಸುಮಾರು 25 ಕಿ.ಮೀ. ದೂರದಲ್ಲಿ ಸಿಗುವ ಊರು ತಾಳವಾಡಿ. ಅಂಗಡಿಯಲ್ಲಿ, ಗದ್ದೆಯಲ್ಲಿ, ಮನೆಯಲ್ಲಿ ಮಾತು ಕನ್ನಡ. ಆದರೆ ರಾಜ್ಯ ತಮಿಳುನಾಡು, ಜಿಲ್ಲೆ ಈರೋಡು. ಒಂದು ಜಿಲ್ಲಾ ಕಚೇರಿಯ ಕೆಲಸ ಆಗಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ ನೂರು ಕಿ.ಮೀ.ಗೂ ಹೆಚ್ಚು ಹೋಗಬೇಕು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಇದೇ ಸೀಮೆಯಲ್ಲಿ. ದೀಪಾವಳಿ ಮುಗಿದ ಮೇಲೆ ಸಗಣಿ ಎರಚಾಡುವ ಗೊರೆ ಹಬ್ಬದ ಗುಮಟಾಪುರವೂ ಇಲ್ಲೇ.

1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಬಳಿಕ ಕೊಯಮತ್ತೂರು ಸೀಮೆ ಬ್ರಿಟಿಷರ ಪಾಲಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದೇ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಅದೇ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದದ್ದನ್ನು ಕರಾವಳಿಯ ಓದುಗರಿಗೆ ನೆನಪಿಸಬೇಕಿಲ್ಲ. ವ್ಯತ್ಯಾಸ ಇಷ್ಟೇ: ಕಾಸರಗೋಡಿಗಾಗಿ ದಶಕಗಳ ಹೋರಾಟ ನಡೆಯಿತು, ತಾಳವಾಡಿಯ ಹೆಸರೆತ್ತಿದವರು ಕಡಿಮೆ. 1979ರಲ್ಲಿ ಹೊಸ ಜಿಲ್ಲೆಗೆ ಸೇರಿದ ಈ ಭಾಗ ಬಹುಕಾಲ ಸತ್ಯಮಂಗಲ ತಾಲೂಕಿನ ಒಂದು ಫಿರ್ಕಾ ಆಗಿತ್ತು. ಪ್ರತ್ಯೇಕ ತಾಲೂಕಾದದ್ದು 2016ರಲ್ಲಿ.

ಇಲ್ಲಿನ ಜನರನ್ನು ಒಂದೇ ಗುಂಪೆಂದು ಎಣಿಸುವಂತಿಲ್ಲ. ಬಯಲಿನ ಹಳ್ಳಿಗಳಲ್ಲಿ ಲಿಂಗಾಯತರು, ದಲಿತರು. ಕಾಡಂಚಿನ ಹಾಡಿಗಳಲ್ಲಿ ಸೋಲಿಗರು, ಊರಾಳಿಗಳು. ಪೇಟೆಯಲ್ಲಿ ಉರ್ದು ಮನೆಮಾತಿನ ಮುಸ್ಲಿಮರು, ತಮಿಳರು. ಸರ್ಕಾರಿ ನೌಕರಿ, ಪೊಲೀಸ್, ಬ್ಯಾಂಕು, ವ್ಯಾಪಾರದ ದಾರಿಯಲ್ಲಿ ಕೆಳಗಿನಿಂದ ತಮಿಳರು ಬಂದರು. ಘಾಟಿಯ ಕೆಳಗಿನವರು ಮೇಲೆ ಬಂದು ಜಮೀನು ಕೊಂಡು ಬೇಸಾಯ ಮಾಡುವುದೂ ಇದೆ. ಊರಿನ ಹುಡುಗರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಕೊಯಮತ್ತೂರಿಗೆ, ಮೈಸೂರಿಗೆ ಕೆಲಸ ಹುಡುಕಿ ಹೋಗುತ್ತಾರೆ. ಬರುವವರು ಬಂಡವಾಳ ಹಿಡಿದು ಬರುತ್ತಾರೆ, ಹೋಗುವವರು ಕೂಲಿಗೆ ಹೋಗುತ್ತಾರೆ. ಊರಿನ ಆದಾಯದ ಕಥೆ ಬಹುಪಾಲು ಇದರಲ್ಲೇ ಇದೆ.

ಮಳೆ ನಂಬಿದ ರಾಗಿ, ಜೋಳದ ಹೊಲಗಳಿಗೆ ಬೋರ್‌ವೆಲ್ ಬಂದ ಮೇಲೆ ಅರಿಸಿನ, ಬಾಳೆ, ಕಬ್ಬು, ಎಲೆಕೋಸು, ಆಲೂಗಡ್ಡೆ, ಚೆಂಡು ಹೂ ಬಂದವು. ನೀರಿದ್ದವನಿಗೆ ಕೈತುಂಬ ದುಡ್ಡು. ಬೋರು ಕೊರೆಸಲು ಸಾಲ ಮಾಡಿ ನೀರು ಬಾರದವನು ಪಕ್ಕದ ಹೊಲಕ್ಕೇ ಕೂಲಿಗೆ ಹೋಗಬೇಕು. ಬೆಳೆದದ್ದೂ ಕೈಸೇರುವ ಭರವಸೆಯಿಲ್ಲ, ರಾತ್ರಿ ಆನೆ ಇಳಿದರೆ ಬಾಳೆ ತೋಟ ಬೆಳಗ್ಗೆ ಬಯಲು.

ಕಾಡಂಚಿನವರ ಪಾಡು ಬೇರೆಯೇ. ವೀರಪ್ಪನ್ ಕಾಲದಲ್ಲಿ ಎರಡೂ ರಾಜ್ಯಗಳ ಕಾರ್ಯಪಡೆಯ ವಿಚಾರಣೆಯ ಬಿಸಿ ಮೊದಲು ತಟ್ಟಿದ್ದು ಹಾಡಿಗಳಿಗೆ. ಆ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ಮಾಡಿತು. 2000ದ ಜುಲೈ 30ರಂದು ರಾಜ್‌ಕುಮಾರ್ ಅಪಹರಣವಾದಾಗ ದೇಶಕ್ಕೆಲ್ಲ ಗಾಜನೂರಿನ ಹೆಸರು ಗೊತ್ತಾಯಿತು, ಹಾಡಿಗಳ ಹೆಸರು ಯಾರಿಗೂ ಗೊತ್ತಾಗಲಿಲ್ಲ. 2004ರಲ್ಲಿ ವೀರಪ್ಪನ್ ಹತನಾದ. 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಹಾಸನೂರಿನ ಸುತ್ತ ರೆಸಾರ್ಟ್‌ಗಳು ಎದ್ದವು. ಜೇನು, ಕಿರು ಅರಣ್ಯ ಉತ್ಪನ್ನ ನಂಬಿದ್ದ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರಕ್ಕಾಗಿ ಅಲೆಯಬೇಕಾಯಿತು. 2022ರ ಫೆಬ್ರವರಿಯಿಂದ ಹೈಕೋರ್ಟ್ ಆದೇಶದಂತೆ ದಿಂಬಂ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುವುದು ತಪ್ಪಬೇಕು, ಅದು ಸರಿಯೇ. ಆದರೆ ತರಕಾರಿ ಹೊತ್ತ ಲಾರಿಯ ಲೆಕ್ಕವೂ ಇದೆಯಲ್ಲ!

ಇನ್ನು ಭಾಷೆ. ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬಲವಿದೆ. ತಮಿಳುನಾಡಿನ 2006ರ ಕಾಯ್ದೆ ಹತ್ತನೇ ತರಗತಿವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಕನ್ನಡ, ಉರ್ದು, ತೆಲುಗು, ಮಲಯಾಳಂ ಮಕ್ಕಳ ಪರವಾಗಿ ವಿಷಯ ಕೋರ್ಟಿಗೆ ಹೋಗಿ, ಪರೀಕ್ಷೆಯಿಂದ ವಿನಾಯಿತಿಗಳು ಬಂದವು. ಆದರೆ ಅವು ತಾತ್ಕಾಲಿಕವಷ್ಟೇ. 2023ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದೂ ಒಂದು ವರ್ಷದ ವಿಸ್ತರಣೆ. 2021ರ ಕೊನೆಯಿಂದ ರಾಜ್ಯ ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ಶೇ. 40 ಅಂಕ ಪಡೆಯಲೇಬೇಕು. ಹೀಗಿರುವಾಗ ಮಗುವನ್ನು ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ತಂದೆ ತಾಯಿಯನ್ನು ಭಾಷಾಭಿಮಾನ ಇಲ್ಲದವರು ಎನ್ನುವುದು ಅನ್ಯಾಯ.

ಕರ್ನಾಟಕದ ಸಿಇಟಿಯಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗದ ಮಕ್ಕಳಿಗೆ ಗಡಿನಾಡ ಕನ್ನಡಿಗ ಎಂಬ ವರ್ಗವಿದೆ, ರಾಜ್ಯದ ಹೊರಗಿರುವವರಿಗೆ ಹೊರನಾಡ ಕನ್ನಡಿಗ ಎಂಬ ಇನ್ನೊಂದಿದೆ. ತಾಳವಾಡಿಯ ವಿದ್ಯಾರ್ಥಿಗಳು ಪಿಯುಸಿ ಮುಗಿಯುವ ಮೊದಲೇ ಆ ವರ್ಷದ ಕೈಪಿಡಿ ತೆಗೆದು ಯಾವ ಪ್ರಮಾಣಪತ್ರ ಬೇಕೆಂದು ನೋಡಿಟ್ಟುಕೊಳ್ಳುವುದು ಒಳ್ಳೆಯದು.