ಒಂದೇ ಮನೆಯಿಂದ ಇಬ್ಬರು ಬೇಡ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ ಇದೆ. ಅಲ್ಲಿನ ಕಡಲತೀರದಲ್ಲಿ ಒಂದು ಪುಟ್ಟ ಬಂದರು. ಇಂಗ್ಲಿಷಿನಲ್ಲಿ ಬರೆಯೋದು ‘ಮೌಸ್ ಹೋಲ್’, ಅಂದರೆ ಇಲಿಯ ಬಿಲ. ಊರಿನವರು ಕರೆಯೋದು ಮಾತ್ರ ‘ಮೌಝಲ್’ ಅಂತ. ಪೂರ್ತಿ ಮೀನುಗಾರರ ಊರು. ಬ್ರಿಟನ್ ಇತಿಹಾಸ ಅಂದ್ರೆ ನಾವು ಓದಿರೋದು ರಾಣಿ, ವೈಸರಾಯ್, ಈಸ್ಟ್ ಇಂಡಿಯಾ ಕಂಪನಿ. ಅದೇ ದೇಶದ ಮೀನುಗಾರರ ಮನೆಗಳಿಗೂ ಒಂದು ಇತಿಹಾಸ ಇದೆ. ಅದನ್ನ ಇವತ್ತು ಹೇಳ್ತೀನಿ.

ಲೈಫ್‌ಬೋಟ್ ಅಂದ ಕೂಡಲೇ ನಿಮಗೆ ಟೈಟಾನಿಕ್ ಸಿನಿಮಾ ನೆನಪಾಗುತ್ತೆ. ಹಡಗಿನ ಪಕ್ಕದಲ್ಲಿ ನೇತಾಡೋ ದೋಣಿಗಳು. ನಾನು ಹೇಳ್ತಿರೋದು ಅದಲ್ಲ. ಇದು ದಡದಲ್ಲಿ ಸದಾ ಸಿದ್ಧವಾಗಿ ನಿಂತಿರೋ ದೋಣಿ. ಸಮುದ್ರದಲ್ಲಿ ಯಾವುದಾದ್ರೂ ಹಡಗು ಅಪಾಯಕ್ಕೆ ಸಿಕ್ಕಿದ್ರೆ, ಬಿರುಗಾಳಿ ಇರಲಿ, ಕಗ್ಗತ್ತಲೆ ಇರಲಿ, ದಡದಿಂದ ಹೊರಟು ಹೋಗಿ ಜನರನ್ನ ಎತ್ತಿಕೊಂಡು ಬರಬೇಕು. ಇದಕ್ಕಾಗಿಯೇ 1824ರಲ್ಲಿ ಸರ್ ವಿಲಿಯಂ ಹಿಲರಿ ಅನ್ನೋರು ಒಂದು ಸಂಸ್ಥೆ ಕಟ್ಟಿದ್ರು. ಈಗ ಅದರ ಹೆಸರು ಆರ್‌ಎನ್‌ಎಲ್‌ಐ. 200 ವರ್ಷದಲ್ಲಿ 1,40,000ಕ್ಕೂ ಹೆಚ್ಚು ಜೀವ ಉಳಿಸಿದ ಸಂಸ್ಥೆ. ಅದು ಸರ್ಕಾರದ ಇಲಾಖೆ ಅಲ್ಲ. ನಡೆಯೋದು ಜನರ ದೇಣಿಗೆಯಿಂದ.

ಹಾಗಾದ್ರೆ ದೋಣಿ ಹತ್ತೋರು ಯಾರು? ಊರಿನ ಮೀನುಗಾರರು. ಬೇರೆ ಯಾರಿಗೆ ಸಾಧ್ಯ ಹೇಳಿ? ಯಾವ ಬಂಡೆ ಎಲ್ಲಿದೆ, ಇಳಿತದ ಹೊತ್ತಲ್ಲಿ ಸೆಳೆತ ಯಾವ ಕಡೆಗೆ, ಇದೆಲ್ಲ ನಕ್ಷೆ ನೋಡಿ ಬರೋದಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದಿದ್ದು. ಹಾಗಾಗಿ ದೋಣಿಯಲ್ಲಿ ಅಪ್ಪ, ಮಗ, ಅಣ್ಣ, ತಮ್ಮ, ಭಾವ ಎಲ್ಲ ಒಟ್ಟಿಗೇ ಇರ್ತಿದ್ರು. ಸಮಸ್ಯೆ ಇದ್ದಿದ್ದೂ ಅಲ್ಲೇ. ದೋಣಿ ಮುಳುಗಿದ್ರೆ ಒಬ್ಬ ಮನುಷ್ಯ ಹೋಗಲ್ಲ, ಇಡೀ ಮನೆ ಹೋಗುತ್ತೆ.

1886ರ ಡಿಸೆಂಬರ್ 9. ಲ್ಯಾಂಕಾಶೈರ್ ತೀರದಲ್ಲಿ ‘ಮೆಕ್ಸಿಕೊ’ ಅನ್ನೋ ಜರ್ಮನ್ ಹಾಯಿ ಹಡಗು ಮರಳು ದಿಬ್ಬಕ್ಕೆ ಸಿಕ್ಕಿಕೊಂಡಿತು. ಮೂರು ಊರುಗಳಿಂದ ಮೂರು ಲೈಫ್‌ಬೋಟ್ ಹೊರಟವು. ಲಿದಮ್ ಊರಿನ ದೋಣಿ ಹಡಗಿನ 12 ಜನರನ್ನೂ ಉಳಿಸಿತು. ಉಳಿದೆರಡು ದೋಣಿಗಳು ಮಗುಚಿದವು. ಸತ್ತವರು 27 ಜನ. ಅವರು ಬಿಟ್ಟು ಹೋಗಿದ್ದು 16 ವಿಧವೆಯರು, 50 ಮಕ್ಕಳು. ಮೀನುಗಾರನ ಮನೆಯಲ್ಲಿ ಉಳಿತಾಯ ಎಲ್ಲಿರುತ್ತೆ? ಆ ಕುಟುಂಬಗಳ ಸ್ಥಿತಿ ನೋಡಿ ಸರ್ ಚಾರ್ಲ್ಸ್ ಮಕಾರಾ ಅನ್ನೋ ಉದ್ಯಮಿ ಹಣ ಎತ್ತೋಕೆ ನಿಂತರು. 1891ರಲ್ಲಿ ಮ್ಯಾಂಚೆಸ್ಟರ್ ಬೀದಿಗಳಲ್ಲಿ ಲೈಫ್‌ಬೋಟನ್ನೇ ಮೆರವಣಿಗೆ ಮಾಡಿಸಿ ಚಂದಾ ಎತ್ತಿದ್ರು.

ಇನ್ನು 1928. ನವೆಂಬರ್ 15ರ ಬೆಳಗಿನ ಜಾವ, ಇಂಗ್ಲೆಂಡಿನ ದಕ್ಷಿಣ ತೀರದ ರೈ ಹಾರ್ಬರ್. ‘ಆಲಿಸ್’ ಅನ್ನೋ ಲಾಟ್ವಿಯಾದ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಅಪಾಯದಲ್ಲಿದೆ ಅಂತ ಸುದ್ದಿ ಬಂತು. ಊರಿನ ಲೈಫ್‌ಬೋಟಿನ ಹೆಸರು ‘ಮೇರಿ ಸ್ಟ್ಯಾನ್‌ಫರ್ಡ್’. ಎಂಜಿನ್ ಇಲ್ಲ, ಹುಟ್ಟು ಮತ್ತು ಹಾಯಿ ಅಷ್ಟೇ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಒಂದು ವಿಷಯ ಹೇಳಿಬಿಡ್ತೀನಿ. ಮಗುಚಿದ್ರೂ ತಾನಾಗಿಯೇ ನೆಟ್ಟಗಾಗೋ ದೋಣಿಗಳು ಆಗಲೇ ಇದ್ದವು. ತಳದಲ್ಲಿ ಭಾರದ ಕಬ್ಬಿಣ, ಎರಡು ತುದಿಗಳಲ್ಲಿ ಗಾಳಿ ತುಂಬಿದ ಪೆಟ್ಟಿಗೆ. ಆದ್ರೆ ಅವು ಅಗಲ ಕಡಿಮೆ, ಅಲೆಗೆ ಜಾಸ್ತಿ ತೂಗಾಡ್ತವೆ ಅಂತ ಎಷ್ಟೋ ಕಡೆ ಮೀನುಗಾರರು ಅಗಲವಾದ ದೋಣಿಯನ್ನೇ ಕೇಳಿ ಪಡೀತಿದ್ರು. ಮೇರಿ ಸ್ಟ್ಯಾನ್‌ಫರ್ಡ್ ತಾನಾಗಿ ನೆಟ್ಟಗಾಗೋ ಜಾತಿಯದಲ್ಲ.

6 ಗಂಟೆ 45 ನಿಮಿಷಕ್ಕೆ 17 ಜನರನ್ನ ಹೊತ್ತು ದೋಣಿ ನೀರಿಗಿಳಿಯಿತು. 6 ಗಂಟೆ 50 ನಿಮಿಷಕ್ಕೆ ಇನ್ನೊಂದು ಸುದ್ದಿ ಬಂತು. ಆಲಿಸ್ ಹಡಗಿನವರನ್ನ ಬೇರೆ ಹಡಗು ಆಗಲೇ ಉಳಿಸಿದೆ, ನೀವು ಹೋಗಬೇಕಾಗಿಲ್ಲ! ಐದೇ ನಿಮಿಷ. ವಾಪಸ್ ಬನ್ನಿ ಅಂತ ದಡದಿಂದ ಮೂರು ಸಲ ಸಿಗ್ನಲ್ ಹಾರಿಸಿದ್ರು. ಆ ಮಳೆ, ಆ ತುಂತುರಿನಲ್ಲಿ ದೋಣಿಯವರಿಗೆ ಕಾಣಲಿಲ್ಲ. ಯಾರೂ ಇಲ್ಲದ ಕಡೆ ಯಾರನ್ನೋ ಹುಡುಕಿ, ವಾಪಸ್ ಬರುವಾಗ ಬಂದರಿನ ಬಾಯಲ್ಲೇ ದೋಣಿ ಮಗುಚಿತು. 17 ಜನರಲ್ಲಿ ಒಬ್ಬನೂ ಬದುಕಲಿಲ್ಲ. ದೋಣಿಯ ನಾಯಕ, ಜೊತೆಗೆ ಅವರ ಇಬ್ಬರು ಗಂಡುಮಕ್ಕಳು. ಇನ್ನೊಂದು ಮನೆಯ ಅಣ್ಣತಮ್ಮಂದಿರು. ಮತ್ತೊಂದು ಮನೆಯ ಅಣ್ಣತಮ್ಮಂದಿರು. ಊರಲ್ಲಿ ಸಮುದ್ರಕ್ಕೆ ಹೋಗೋ ಗಂಡಸರೇ ಹೆಚ್ಚುಕಡಿಮೆ ಮುಗಿದುಹೋದ್ರು. ಲೈಫ್‌ಬೋಟ್ ನಿಲ್ದಾಣವನ್ನ ಮುಚ್ಚಿದ್ರು. ಮತ್ತೆ ತೆರೆದಿದ್ದು 1966ರಲ್ಲಿ. ಬ್ರೇಕಿಂಗ್ ನ್ಯೂಸ್ ಐದು ನಿಮಿಷ ತಡವಾದ್ರೆ ನಮಗೆ ಹೋಗೋದು ಟಿಆರ್‌ಪಿ ಅಷ್ಟೇ ಅಂತ ನನಗೆ ಆಗಾಗ ಅನ್ನಿಸುತ್ತೆ.

ಈಗ ಮೌಝಲ್‌ಗೆ ಬರೋಣ. 1981ರ ಡಿಸೆಂಬರ್ 19, ಕ್ರಿಸ್‌ಮಸ್‌ಗೆ ಇನ್ನು ಆರು ದಿನ. ‘ಯೂನಿಯನ್ ಸ್ಟಾರ್’ ಹೊಚ್ಚಹೊಸ ಸರಕು ಹಡಗು, ಮೊದಲ ಯಾನ. ಹಾಲೆಂಡಿನಿಂದ ಐರ್ಲೆಂಡಿಗೆ ಗೊಬ್ಬರ ಸಾಗಿಸ್ತಿತ್ತು. ಹಬ್ಬ ಅಂತ ಕ್ಯಾಪ್ಟನ್ ತನ್ನ ಗರ್ಭಿಣಿ ಹೆಂಡತಿ ಮತ್ತು ಆಕೆಯ ಇಬ್ಬರು ಹೆಣ್ಣುಮಕ್ಕಳನ್ನೂ ಹತ್ತಿಸಿಕೊಂಡಿದ್ದ. ಒಟ್ಟು ಎಂಟು ಜನ. ನಡುಸಮುದ್ರದಲ್ಲಿ ಇಂಧನಕ್ಕೆ ಉಪ್ಪುನೀರು ಸೇರಿತು. ಡೀಸೆಲ್ ಎಂಜಿನ್‌ಗೆ ನೀರು ಹೋದ್ರೆ ಕಥೆ ಮುಗೀತು. ಎಳೆದುಕೊಂಡು ಹೋಗ್ತೀವಿ ಅಂತ ಟಗ್ ಒಂದು ಬಂತು. ಕ್ಯಾಪ್ಟನ್ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ, ಅಷ್ಟೊತ್ತಿಗೆ ತಡವಾಗಿತ್ತು. ಗಾಳಿ ಹಡಗನ್ನ ಬಂಡೆಗಳ ಕಡೆ ತಳ್ಳೋಕೆ ಶುರು ಮಾಡಿತ್ತು. ನೌಕಾಪಡೆಯ ಹೆಲಿಕಾಪ್ಟರ್ ಬಂತು. ಹಡಗಿನ ಕಂಬ ಓಲಾಡೋ ರಭಸಕ್ಕೆ ಒಬ್ಬರನ್ನೂ ಎತ್ತೋಕಾಗಲಿಲ್ಲ.

ಆಗ ಪೆನ್‌ಲೀ ಲೈಫ್‌ಬೋಟಿಗೆ ಕರೆ ಹೋಯ್ತು. ‘ಸೊಲೊಮನ್ ಬ್ರೌನ್’, 47 ಅಡಿ ಉದ್ದದ ಮರದ ದೋಣಿ. ಅದರ ಕಾಕ್ಸನ್, ನಮ್ಮ ಕರಾವಳಿಯಲ್ಲಿ ತಂಡೇಲ ಅಂತಾರಲ್ಲ ಹಾಗೆ, 56 ವರ್ಷದ ಟ್ರೆವೆಲಿಯನ್ ರಿಚರ್ಡ್ಸ್. ಬನ್ನಿ ಅಂದಿದ್ದಕ್ಕೆ 12 ಜನ ಓಡಿ ಬಂದ್ರು. ಅವರು ಆರಿಸಿದ್ದು ಏಳು ಜನರನ್ನ. ಬಂದವರಲ್ಲಿ ಒಬ್ಬ ಅಪ್ಪ, ಜೊತೆಗೆ ಅವನ 17 ವರ್ಷದ ಮಗ. ಅಪ್ಪನನ್ನ ಹತ್ತಿಸಿಕೊಂಡ ರಿಚರ್ಡ್ಸ್ ಮಗನನ್ನ ದಡದಲ್ಲೇ ನಿಲ್ಲಿಸಿದ್ರು. ಇಂಥ ರಾತ್ರಿ ಒಂದೇ ಮನೆಯಿಂದ ಇಬ್ಬರು ಬೇಡ ಅನ್ನೋದು ಅವರ ಲೆಕ್ಕ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೊರಡೋ ಮುಂಚೆ ಈ ಲೆಕ್ಕ ಹಾಕ್ತಾನೆ ಅಂದ್ರೆ, ವಾಪಸ್ ಬರದೇ ಇರಬಹುದು ಅನ್ನೋದು ಆ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊರಟ. ಅದನ್ನ ಕೇಳಿಸಿಕೊಂಡ ಏಳು ಜನಕ್ಕೂ ಅದರ ಅರ್ಥ ಗೊತ್ತಿತ್ತು. ಅವರೂ ಇಳಿಯಲಿಲ್ಲ.

8 ಗಂಟೆ 12 ನಿಮಿಷಕ್ಕೆ ದೋಣಿ ನೀರಿಗಿಳಿಯಿತು. 60 ಅಡಿ ಎತ್ತರದ ಅಲೆಗಳು. ಒಂದು ಅಲೆ ದೋಣಿಯನ್ನ ಎತ್ತಿ ಹಡಗಿನ ಮೇಲೆಯೇ ಕೂರಿಸಿತು. ಅದು ಜಾರಿ ಮತ್ತೆ ನೀರಿಗೆ ಬಿತ್ತು. ಮತ್ತೆ ಹಡಗಿನ ಪಕ್ಕಕ್ಕೆ ಹೋದ್ರು. ಕೊನೆಗೆ ರೇಡಿಯೊದಲ್ಲಿ ಕೇಳಿಸಿದ್ದು, ನಾಲ್ವರು ನಮ್ಮ ದೋಣಿಯಲ್ಲಿದ್ದಾರೆ ಅನ್ನೋ ಸಂದೇಶ. ನಾಲ್ವರು ಸಿಕ್ಕಿದ್ದಾರೆ, ಹೊರಡಬಹುದಿತ್ತು. ಹಡಗಿನಲ್ಲಿ ಉಳಿದವರಿಗಾಗಿ ಮತ್ತೆ ತಿರುಗಿದ್ರು ಅಂತಲೇ ನಂಬಿಕೆ. ಸ್ವಲ್ಪ ಹೊತ್ತಿಗೆ ದೋಣಿಯ ದೀಪ ಕಾಣದಾಯ್ತು. ಎರಡೂ ಕಡೆಯ 16 ಜನ ಸತ್ತರು. ಎಂಟು ದೇಹ ಮಾತ್ರ ಸಿಕ್ಕವು. ಇಷ್ಟು ಧೈರ್ಯ ತಾನೆಂದೂ ಕಂಡಿಲ್ಲ ಅಂತ ಹೆಲಿಕಾಪ್ಟರ್ ಹಾರಿಸುತ್ತಿದ್ದ ಅಮೆರಿಕನ್ ಪೈಲಟ್ ಆಮೇಲೆ ಬರೆದರು.

ಜನ 30 ಲಕ್ಷ ಪೌಂಡಿಗಿಂತ ಹೆಚ್ಚು ಹಣ ಕಳಿಸಿದ್ರು. ಅದಕ್ಕೆ ತೆರಿಗೆ ಹಾಕೋ ಮಾತು ಬಂದಾಗ ಇಡೀ ದೇಶ ಉಗಿಯಿತು. ತೆರಿಗೆ ಇಲಾಖೆಗಳು ಎಲ್ಲ ಕಡೆ ಒಂದೇ ಬಿಡಿ!

ಸತ್ತವರಲ್ಲಿ ಒಬ್ಬರು ಊರಿನ ‘ಶಿಪ್ ಇನ್’ ಪಬ್ ನಡೆಸ್ತಿದ್ದವರು. ಬಂದರಿನ ಕ್ರಿಸ್‌ಮಸ್ ದೀಪಗಳ ಸ್ವಿಚ್ ಒತ್ತಿದ್ದೂ ಅವರೇ, ದುರಂತಕ್ಕೆ ಎರಡೇ ದಿನ ಮುಂಚೆ. ಊರು ಆ ದೀಪಗಳನ್ನ ಆರಿಸಿತು. ಮೂರು ದಿನ ಬಿಟ್ಟು ಅವರ ಹೆಂಡತಿಯೇ, ದೀಪ ಹಾಕಿ ಅಂತ ಹೇಳಿಸಿ ಕಳಿಸಿದ್ರು. ಈಗಲೂ ಪ್ರತಿ ವರ್ಷ ಡಿಸೆಂಬರ್ 19ರ ರಾತ್ರಿ ಒಂದು ಗಂಟೆ ಹೊತ್ತು ಅವನ್ನ ಆರಿಸ್ತಾರೆ.

ದುರಂತ ನಡೆದ ಒಂದೇ ದಿನದೊಳಗೆ ಇನ್ನೊಂದು ತಂಡಕ್ಕೆ ಬೇಕಾದಷ್ಟು ಜನ ಅದೇ ಊರಿನಿಂದ ಮುಂದೆ ಬಂದ್ರು. ಆ ರಾತ್ರಿ ದಡದಲ್ಲಿ ಉಳಿದ 17 ವರ್ಷದ ಹುಡುಗನೂ ಲೈಫ್‌ಬೋಟ್ ಬಿಡಲಿಲ್ಲ. ಮುಂದೆ ಅದೇ ಪೆನ್‌ಲೀ ಲೈಫ್‌ಬೋಟಿಗೆ ಕಾಕ್ಸನ್ ಆದ. ಕರೆ ಬಂದಾಗ ಯಾರನ್ನ ಹತ್ತಿಸಿಕೊಳ್ಳಬೇಕು, ಯಾರನ್ನ ಬಿಡಬೇಕು ಅಂತ ನಿರ್ಧರಿಸೋದು ಆಗ ಅವನ ಕೆಲಸವಾಯ್ತು.