ಕರುಳಿನ ಒಳಪದರ: ಕಾಲರಾ ಹೇಳಿಕೊಟ್ಟ ಪಾಠ

ನಿಮ್ಮ ನಾಲಿಗೆಯ ತುದಿಯನ್ನು ಕೆನ್ನೆಯ ಒಳಬದಿಗೆ ಒಮ್ಮೆ ತಾಗಿಸಿ ನೋಡಿ. ನುಣುಪಾಗಿ, ತೇವವಾಗಿ ಇರುವ ಆ ಪದರವೇ ಈ ಲೇಖನದ ವಿಷಯ. ಪಠ್ಯಪುಸ್ತಕದಲ್ಲಿ ಅದರ ಹೆಸರು ಅನುಲೇಪಕ ಅಂಗಾಂಶ. ಎಪಿಥೀಲಿಯಮ್ ಎಂದೂ ಓದಿರುತ್ತೀರಿ. ಚರ್ಮದ ಹೊರಮೈ, ಶ್ವಾಸನಾಳ, ಜಠರ, ಕರುಳು, ಮೂತ್ರಪಿಂಡದ ನಳಿಕೆಗಳು, ಹೀಗೆ ದೇಹದಲ್ಲಿ ಎಲ್ಲೆಲ್ಲಿ ಒಂದು ಮೇಲ್ಮೈ ಇದೆಯೋ ಅಲ್ಲೆಲ್ಲ ಈ ಅಂಗಾಂಶ ಹೊದಿಕೆಯಾಗಿ ನಿಂತಿದೆ. ಚಪ್ಪಟೆ, ಘನಾಕಾರ, ಕಂಬದಾಕಾರ, ಲೋಮಾಂಗಗಳುಳ್ಳದ್ದು ಎಂದು ಬಗೆಗಳನ್ನು ಬರೆದು, ಚಿತ್ರ ಬಿಡಿಸಿ, ಅಂಕ ಪಡೆದು ಮರೆತುಬಿಡುವ ಪಾಠ ಇದು. ನಾನೂ ಬಿ.ಎಸ್‌ಸಿ. ಓದುವಾಗ ಗುಲಾಬಿ ಮತ್ತು ನೇರಳೆ ಪೆನ್ಸಿಲ್ಲುಗಳಲ್ಲಿ ಕಪ್ಪೆಯ ಕರುಳಿನ ಅಡ್ಡಛೇದವನ್ನು ಅಂದವಾಗಿ ಬಿಡಿಸಿ, ಅದೇ ವಾರ ಮರೆತವನು.

ಅದನ್ನು ಮತ್ತೆ ನೆನಪಿಸಿದ್ದು ಕಾಲರಾದ ಇತಿಹಾಸ. ಈ ಒಂದು ಪದರದ ಬಗ್ಗೆ ವೈದ್ಯಲೋಕ ಬಹುಕಾಲ ಒಂದು ತಪ್ಪು ಚಿತ್ರವನ್ನು ಇಟ್ಟುಕೊಂಡಿತ್ತು. ಆ ಚಿತ್ರ ತಿದ್ದಿಕೊಳ್ಳುವವರೆಗೆ, ವಾಂತಿಭೇದಿಯಿಂದ ಸಾಯುತ್ತಿದ್ದ ರೋಗಿಗೆ ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಿದರೆ ಸಾಕು ಎಂದು ಯಾರೂ ಧೈರ್ಯವಾಗಿ ಹೇಳುವಂತಿರಲಿಲ್ಲ.

ಮೊದಲು ಹೆಸರಿನ ಕಥೆಯನ್ನು ಬೇಗ ಮುಗಿಸೋಣ. ಎಪಿಥೀಲಿಯಮ್ ಎಂಬ ಪದವನ್ನು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವರು ಆಮ್‌ಸ್ಟರ್‌ಡ್ಯಾಮಿನ ಅಂಗರಚನಾಶಾಸ್ತ್ರಜ್ಞ ಫ್ರೆಡರಿಕ್ ರುಯ್ಶ್. ಗ್ರೀಕ್ ಭಾಷೆಯಲ್ಲಿ ಎಪಿ ಎಂದರೆ ಮೇಲೆ, ಥೀಲೆ ಎಂದರೆ ಮೊಲೆತೊಟ್ಟು. ತೊಟ್ಟಿನ ಮೇಲಿನ ತೆಳುಪೊರೆಗೆ ಇಟ್ಟ ಹೆಸರು ಮುಂದೆ ಇಡೀ ದೇಹದ ಹೊದಿಕೆಗೆಲ್ಲ ಅಂಟಿಕೊಂಡಿತು. ಆದರೆ ರುಯ್ಶ್ ಅವರಿಗೆ ಜೀವಕೋಶದ ಕಲ್ಪನೆ ಇರಲಿಲ್ಲ. ಪೊರೆ ಯಾವುದರಿಂದ ಆಗಿದೆ ಎಂಬುದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಚಪ್ಪಟೆ ಕೋಶಗಳು, ಕಂಬದಂಥ ಕೋಶಗಳು, ಲೋಮಾಂಗಗಳಿರುವ ಕೋಶಗಳು ಎಂದು ವಿಂಗಡಿಸಿದವರು ಬರ್ಲಿನ್ನಿನ ಯಾಕೋಬ್ ಹೆನ್ಲೆ, 1837-38ರಲ್ಲಿ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ವಿದ್ಯಾರ್ಥಿ ಸಂಘದ ರಾಜಕೀಯದ ಕಾರಣಕ್ಕೆ ಜೈಲಿನ ಮುಖವನ್ನೂ ನೋಡಿ ಬಂದಿದ್ದರು! ಮೂತ್ರಪಿಂಡದ ಪಾಠದಲ್ಲಿ ಬರುವ ಹೆನ್ಲೆಯ ಕುಣಿಕೆ ಇದೇ ಹೆನ್ಲೆಯದು. ಮುಂದೆ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರ ಬಳಿ ಓದಿದ ಒಬ್ಬ ವಿದ್ಯಾರ್ಥಿ ರಾಬರ್ಟ್ ಕಾಖ್. ಆ ಕಾಖ್ 1883ರ ಕೊನೆಗೆ ಕಲ್ಕತ್ತಕ್ಕೆ ಬಂದು, 1884ರಲ್ಲಿ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾ ಒಂದನ್ನು ಕಾಲರಾದ ಕಾರಣವೆಂದು ಸಾರಿದರು.

ಈಗ ಕರುಳಿಗೆ ಬರೋಣ. ಸಣ್ಣಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಬೆರಳಿನಂಥ ಸಣ್ಣ ಚಾಚುಗಳಿವೆ. ಅವುಗಳ ಮೇಲೆ ಕಂಬದಾಕಾರದ ಕೋಶಗಳು ಒಂದೇ ಒಂದು ಸಾಲಾಗಿ ನಿಂತಿವೆ. ಒಂದೇ ಸಾಲು ಎಂಬುದನ್ನು ಗಮನಿಸಿ. ನೀವು ತಿಂದ ಊಟಕ್ಕೂ ನಿಮ್ಮ ರಕ್ತಕ್ಕೂ ನಡುವೆ ಇರುವ ಗೋಡೆಯ ದಪ್ಪ ಅಷ್ಟೇ. ಕೋಶಗಳ ಬುಡ ಆಧಾರಪೊರೆಯ ಮೇಲೆ ಊರಿಕೊಂಡಿರುತ್ತದೆ. ಪದರದ ಒಳಗೆ ರಕ್ತನಾಳಗಳಿಲ್ಲ. ಪೋಷಣೆಯೆಲ್ಲ ಕೆಳಗಿನ ಸಂಯೋಜಕ ಅಂಗಾಂಶದಿಂದ ಜಿನುಗಿ ಬರಬೇಕು. ಅಕ್ಕಪಕ್ಕದ ಕೋಶಗಳ ತಲೆಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಅಂಟಿಕೊಂಡಿರುತ್ತವೆ. ಈ ಬಿಗಿಬೆಸುಗೆಯ ವಿವರಗಳನ್ನು 1963ರಲ್ಲಿ ಮರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಹಳೆಯ ಪುಸ್ತಕಗಳು ಕರುಳಿನ ಒಳಮೈ ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎನ್ನುತ್ತವೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಅಳೆದು ನೋಡಿದಾಗ ಇಡೀ ಜೀರ್ಣಾಂಗದ ಒಳಮೈ ಸುಮಾರು 32 ಚದರ ಮೀಟರ್ ಎಂದಾಯಿತು, ಅಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಣದಷ್ಟು. ನಿಮ್ಮ ಪುಸ್ತಕದಲ್ಲಿ ಇನ್ನೂ ಟೆನಿಸ್ ಇದ್ದರೆ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ.

ಈ ಗೋಡೆ ಸುಮ್ಮನೆ ನಿಂತ ಗೋಡೆಯಲ್ಲ. ನಾವು ದಿನಕ್ಕೆ ಸುಮಾರು ಎರಡು ಲೀಟರ್ ದ್ರವ ಕುಡಿಯುತ್ತೇವೆ. ಜೊಲ್ಲು, ಜಠರರಸ, ಪಿತ್ತ, ಕರುಳಿನ ರಸ ಎಂದು ದೇಹವೇ ಇನ್ನೂ ಆರೇಳು ಲೀಟರ್ ಒಳಕ್ಕೆ ಸುರಿಯುತ್ತದೆ. ಇಷ್ಟೂ ದ್ರವದಲ್ಲಿ ಮಲದೊಂದಿಗೆ ಹೊರಹೋಗುವುದು ಒಂದು ಲೋಟಕ್ಕಿಂತ ಕಡಿಮೆ. ಉಳಿದದ್ದನ್ನೆಲ್ಲ ಈ ಒಂಟಿಸಾಲಿನ ಕೋಶಗಳು ಹೀರಿ ರಕ್ತಕ್ಕೆ ಮರಳಿಸುತ್ತವೆ.

ಕಾಲರಾದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ತೀವ್ರ ರೋಗಿ ಗಂಟೆಗೆ ಒಂದು ಲೀಟರಿನಷ್ಟು ದ್ರವವನ್ನು, ಅಕ್ಕಿ ತೊಳೆದ ನೀರಿನಂಥ ಭೇದಿಯಾಗಿ ಕಳೆದುಕೊಳ್ಳಬಲ್ಲ. ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ನಾಡಿ ಸಿಗದೆ, ಬೆಳಿಗ್ಗೆ ಚೆನ್ನಾಗಿದ್ದವನು ಸಂಜೆಗೆ ಇಲ್ಲ. ಯಾಕೆ ಹೀಗೆ? ಹತ್ತೊಂಬತ್ತನೆಯ ಶತಮಾನದ ವೈದ್ಯರು ಸತ್ತವರ ಕರುಳನ್ನು ಕೊಯ್ದು ನೋಡಿದರು. ಒಳಪದರ ಸಿಪ್ಪೆ ಸುಲಿದಂತೆ ಕಿತ್ತು ಬಂದಿತ್ತು. ಸರಿ, ರೋಗವು ಅನುಲೇಪಕ ಪದರವನ್ನೇ ಕಿತ್ತುಹಾಕುತ್ತದೆ, ಬರಿದಾದ ಮೈಯಿಂದ ರಕ್ತದ ನೀರು ಸೋರುತ್ತದೆ ಎಂದು ತೀರ್ಮಾನಿಸಿದರು. ರೋಗವಿಜ್ಞಾನದ ದಿಗ್ಗಜ ರುಡಾಲ್ಫ್ ವಿರ್ಶೋ ಅವರದೂ ಇದೇ ಅಭಿಪ್ರಾಯ. ಅವರ ಶಿಷ್ಯ ಯೂಲಿಯಸ್ ಕೋನ್‌ಹೈಮ್ ಒಪ್ಪಲಿಲ್ಲ. ಪದರ ಸುಲಿದದ್ದು ಸತ್ತ ಮೇಲೆ. ಬದುಕಿರುವಾಗ ಆಗಿರುವುದು ಅತಿಯಾದ ಸ್ರಾವ ಎಂದು ಅವರ ವಾದ. ಗುರುವಿನ ಹೆಸರು ದೊಡ್ಡದು, ಶಿಷ್ಯನ ಮಾತು ನಡೆಯಲಿಲ್ಲ. 1923ರಲ್ಲಿ ಮನಿಲಾದಿಂದ ಅರ್ನೆಸ್ಟ್ ಗುಡ್‌ಪಾಸ್ಚರ್ ಅದನ್ನೇ ಮತ್ತೆ ಬರೆದರು. ಆಗಲೂ ನಡೆಯಲಿಲ್ಲ.

ಇದರಿಂದ ಆದ ಪರಿಣಾಮವನ್ನು ಯೋಚಿಸಿ. ಹೀರುವ ಪದರವೇ ಇಲ್ಲವೆಂದ ಮೇಲೆ ಬಾಯಿಂದ ನೀರು ಕೊಟ್ಟು ಏನು ಪ್ರಯೋಜನ? ಬರಿಯ ನೀರು ಕುಡಿಸಿ ನೋಡಿದಾಗ ಭೇದಿ ಹೆಚ್ಚಿದಂತೆಯೇ ಕಾಣುತ್ತಿತ್ತು. ಉಳಿದದ್ದು ಒಂದೇ ದಾರಿ, ರಕ್ತನಾಳಕ್ಕೆ ಉಪ್ಪುನೀರು ಏರಿಸುವುದು. 1832ರಲ್ಲೇ ಸ್ಕಾಟ್ಲೆಂಡಿನ ಲೀತ್ ಬಂದರಿನಲ್ಲಿ ಥಾಮಸ್ ಲಾಟಾ ಎಂಬ ವೈದ್ಯರು ಅದನ್ನು ಮಾಡಿದ್ದರು. ಆದರೆ ಅದಕ್ಕೆ ಶುದ್ಧ ದ್ರಾವಣ ಬೇಕು, ಸೂಜಿ ಬೇಕು, ನುರಿತ ಕೈ ಬೇಕು. ಕಾಲರಾ ಬರುತ್ತಿದ್ದ ಊರುಗಳಲ್ಲಿ ಇಲ್ಲದಿದ್ದದ್ದು ಇವೇ.

ತಿದ್ದುಪಡಿ ಬಂದದ್ದು ಎರಡು ಕಡೆಯಿಂದ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಮೊದಲನೆಯದು ಕಲ್ಕತ್ತದಿಂದ. ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ 1915ರಲ್ಲಿ ಹುಟ್ಟಿದ ಶಂಭುನಾಥ ಡೇ, ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಬಂದು ಕಾಲರಾದ ಬೆನ್ನು ಹಿಡಿದರು. ಅವರ ಪ್ರಯೋಗವನ್ನು ಪರದೆಯ ಮೇಲೆ ತೋರಿಸಬೇಕಾದರೆ ನನಗೆ ಒಂದು ನಿಮಿಷ ಸಾಕು, ಅಷ್ಟು ಸರಳ. ಅರಿವಳಿಕೆ ಕೊಟ್ಟ ಮೊಲದ ಸಣ್ಣಕರುಳಿನ ಒಂದು ತುಂಡನ್ನು, ಕತ್ತರಿಸದೆ, ಎರಡೂ ತುದಿಗಳಲ್ಲಿ ದಾರದಿಂದ ಕಟ್ಟುವುದು. ಆ ಮುಚ್ಚಿದ ಕುಣಿಕೆಯೊಳಕ್ಕೆ ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಚುಚ್ಚುವುದು. ಮರುದಿನ ಕುಣಿಕೆ ಅಕ್ಕಿನೀರಿನಂಥ ದ್ರವ ತುಂಬಿ ಉಬ್ಬಿರುತ್ತದೆ. ಇದು 1953ರ ಮಾತು. ಮುಂದೆ ಅವರು ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದು ಬರಿಯ ತಿಳಿಯನ್ನು ಚುಚ್ಚಿದರು. ಆಗಲೂ ಕುಣಿಕೆ ಉಬ್ಬಿತು! ಅಂದರೆ ಕೆಲಸ ಮಾಡುತ್ತಿರುವುದು ಬ್ಯಾಕ್ಟೀರಿಯಾ ಉಗುಳಿದ ಒಂದು ವಿಷ. ಈ ಫಲಿತಾಂಶ 1959ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಎರಡನೆಯದು ಬ್ಯಾಂಕಾಕಿನಿಂದ. ಸತ್ತವರ ಕರುಳು ಮೋಸ ಮಾಡುತ್ತದೆ ಎಂಬುದು ಅನುಮಾನವಾದರೆ ಬದುಕಿದವರ ಕರುಳನ್ನು ನೋಡಬೇಕಷ್ಟೆ, ಆದರೆ ಹೇಗೆ? ಅಷ್ಟರಲ್ಲಿ ಕ್ರಾಸ್ಬಿ ಕ್ಯಾಪ್ಸೂಲ್ ಎಂಬ ಉಪಕರಣ ಬಂದಿತ್ತು. ತೆಳು ನಳಿಕೆಗೆ ಕಟ್ಟಿದ ಪುಟ್ಟ ಗುಳಿಗೆಯನ್ನು ರೋಗಿ ನುಂಗುತ್ತಾನೆ; ಕರುಳು ತಲುಪಿದ ಮೇಲೆ ನಳಿಕೆಯಿಂದ ಗಾಳಿ ಎಳೆದರೆ ಒಳಗಿನ ಸಣ್ಣ ಅಲಗು ಒಂದು ಚೂರು ಒಳಪದರವನ್ನು ಕತ್ತರಿಸಿ ಹಿಡಿದುಕೊಳ್ಳುತ್ತದೆ. ಅಮೆರಿಕದ ವೈದ್ಯ ಯೂಜೀನ್ ಗಂಗರೋಸ ಮತ್ತು ಸಂಗಡಿಗರು ಕಾಲರಾ ರೋಗಿಗಳಿಂದ ಇಂಥ ಚೂರುಗಳನ್ನು ತೆಗೆದು ನೋಡಿದರು. 1960ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಪದರ ಎಲ್ಲಿಯೂ ಕಿತ್ತುಹೋಗಿರಲಿಲ್ಲ. ಕೋಶಗಳು ಸಾಲಾಗಿ, ಪೂರ್ತಿಯಾಗಿ ನಿಂತಿದ್ದವು. ಸತ್ತ ಮೇಲೆ ದೇಹದಲ್ಲಿ ಬೇಗ ಕೊಳೆಯುವ ಭಾಗಗಳಲ್ಲಿ ಕರುಳಿನ ಒಳಪದರವೂ ಒಂದು. ವಿರ್ಶೋ ಕಾಲದವರು ಕಂಡದ್ದು ಕಾಲರಾವನ್ನಲ್ಲ, ಸಾವನ್ನು.

ಹಾಗಾದರೆ ನಿಂತಲ್ಲೇ ನಿಂತ ಕೋಶಗಳು ಸೋರುತ್ತಿದ್ದುದೇಕೆ? ಇದರ ಉತ್ತರ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ತೆರೆದುಕೊಂಡಿತು. ಡೇ ಗುರುತಿಸಿದ ವಿಷ ಕೋಶದ ಒಳಹೊಕ್ಕು, ಕ್ಲೋರೈಡನ್ನು ಕರುಳಿನ ಕಡೆಗೆ ಬಿಡುವ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು. ನಲ್ಲಿ ಒಡೆದಿಲ್ಲ, ಯಾರೋ ತಿರುಗಿಸಿ ಬಿಟ್ಟುಹೋಗಿದ್ದಾರೆ. ಆದರೆ ಅದೇ ಪದರದಲ್ಲಿ ಇನ್ನೊಂದು ಬಾಗಿಲಿದೆ. 1960ರ ಆಗಸ್ಟಿನಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ ಅದನ್ನು ವಿವರಿಸಿದರು. ಗ್ಲೂಕೋಸ್ ಮತ್ತು ಸೋಡಿಯಂ ಒಂದರ ಕೈ ಇನ್ನೊಂದು ಹಿಡಿದು, ಜೋಡಿಯಾಗಿಯೇ ಕೋಶದ ಒಳಕ್ಕೆ ಬರುವ ಬಾಗಿಲು ಅದು. ಕಾಲರಾದ ವಿಷ ಈ ಬಾಗಿಲನ್ನು ಮುಟ್ಟುವುದಿಲ್ಲ. ಬರಿಯ ನೀರು, ಬರಿಯ ಉಪ್ಪುನೀರು ಏಕೆ ಸೋತವು, ಸಕ್ಕರೆಯೂ ಸೇರಿದಾಗ ಏಕೆ ಗೆದ್ದಿತು ಎಂಬುದು ಇಷ್ಟರಲ್ಲಿದೆ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಷ್ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ರಕ್ತನಾಳಕ್ಕೆ ಏರಿಸಬೇಕಾದ ದ್ರವದ ಅಗತ್ಯ ಬಹುಪಾಲು ತಗ್ಗಿತು. ಆದರೂ ಇದೆಲ್ಲ ಆಸ್ಪತ್ರೆಯ ಒಳಗೆ, ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು. ಹೊರಗೆ ನಡೆದೀತೇ ಎಂಬ ಸಂಶಯ ಹೋಗಿರಲಿಲ್ಲ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದರು. ಗಡಿಯಂಚಿನ ಬನಗಾಂವ್ ಪಟ್ಟಣದ ಆಸ್ಪತ್ರೆಯ ಎರಡು ಕೋಣೆಗಳಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಕಲ್ಕತ್ತದಿಂದ ಹೋದ ವೈದ್ಯ ದಿಲೀಪ್ ಮಹಲನಬೀಸ್ ಅವರಿಗೆ ಎರಡೇ ದಿನಗಳಲ್ಲಿ ಗೊತ್ತಾಯಿತು: ಸಲೈನ್ ಬಾಟಲಿಗಳು ಸಾಲುವುದಿಲ್ಲ, ಏರಿಸಬಲ್ಲ ಕೈಗಳಂತೂ ಇಲ್ಲವೇ ಇಲ್ಲ. ಆಗ ಅವರು ಮೇಲಿನವರ ಒಪ್ಪಿಗೆಗೆ ಕಾಯದೆ ನಿರ್ಧಾರ ಮಾಡಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡ. ಕಲ್ಕತ್ತದ ತಮ್ಮ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲೇ ಪೊಟ್ಟಣ ಕಟ್ಟಿಸಿ ತರಿಸಿ, ನಲ್ಲಿ ಇರುವ ಪೀಪಾಯಿಗಳಲ್ಲಿ ಕದಡಿ ಇಟ್ಟರು. ಕುಡಿಸುವ ಕೆಲಸ ತಾಯಿಯದು, ಅಣ್ಣನದು, ಪಕ್ಕದಲ್ಲಿ ಯಾರಿದ್ದರೆ ಅವರದು. ಎರಡು ತಿಂಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳು. ಮೊದಲು ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಂದು ಔಷಧದ ಅಂಗಡಿಯಲ್ಲಿ ಓ.ಆರ್.ಎಸ್. ಎಂದು ಕೇಳಿ ತರುವ ಪೊಟ್ಟಣ ಇದರ ವಂಶದ್ದೇ. 2002ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಇದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈಯಳತೆ ಬೇಡ. ನಮ್ಮ ಅಜ್ಜಿಯರು ಭೇದಿಯಾದವರಿಗೆ ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿತಿಳಿಯನ್ನೂ ನೆನೆಸಿಕೊಳ್ಳಿ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಒಡೆದು ಅದೇ ಜೋಡಿಬಾಗಿಲಿಗೆ ಬರುತ್ತದೆ.

ಮಹಲನಬೀಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಡೇ ಅವರಿಗೆ ಅದೂ ಇಲ್ಲ. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರಗೋಷ್ಠಿಗೆ ಅವರನ್ನು ಕರೆಸಿಕೊಂಡರು, ಆದರೆ 1985ರಲ್ಲಿ ಅವರು ತೀರಿಕೊಳ್ಳುವವರೆಗೂ ನಮ್ಮ ದೇಶದ ಯಾವ ದೊಡ್ಡ ಗೌರವವೂ ಅವರ ಮನೆ ಬಾಗಿಲಿಗೆ ಬರಲಿಲ್ಲ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 1990ರಲ್ಲಿ ಅವರ ಕೆಲಸಕ್ಕೆ ಒಂದು ಸಂಚಿಕೆಯನ್ನೇ ಮೀಸಲಿಟ್ಟಿತು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಸಂಪುಟಗಳಿದ್ದರೆ ಹುಡುಕಿ ನೋಡಿ.

ಪಾಠದ ಒಂದು ಭಾಗ ಉಳಿದಿದೆ. ವಿಷ ತಾಗಿದ ಕೋಶ ಮತ್ತೆ ಸರಿಹೋಗುವುದಿಲ್ಲ. ಹಾಗಿದ್ದರೂ ಕಾಲರಾ ಕೆಲವೇ ದಿನಗಳಲ್ಲಿ ನಿಲ್ಲುವುದರಲ್ಲಿ ಅನುಲೇಪಕ ಅಂಗಾಂಶದ ಇನ್ನೊಂದು ಗುಣದ ಪಾಲಿದೆ. ವಿಲ್ಲೈಗಳ ಬುಡದ ಕುಳಿಗಳಲ್ಲಿ ಹೊಸ ಕೋಶಗಳು ಸದಾ ಹುಟ್ಟುತ್ತ, ಮೇಲಕ್ಕೆ ಸರಿಯುತ್ತ, ತುದಿ ತಲುಪಿ ಉದುರುತ್ತವೆ. ಮೂರರಿಂದ ಐದು ದಿನಗಳಲ್ಲಿ ಹೆಚ್ಚುಕಡಿಮೆ ಇಡೀ ಪದರ ಹೊಸದಾಗುತ್ತದೆ. ಬನಗಾಂವ್‌ನಲ್ಲಿ ನೆಲದ ಮೇಲೆ ಮಲಗಿದ್ದವರು ಅಷ್ಟು ದಿನ ಲೋಟದ ಮೇಲೆ ಲೋಟ ಕುಡಿಯುತ್ತ ಇರಬೇಕಾಗಿತ್ತು.